ನೂರು ಕಿಲೋಮೀಟರ್ ನಡಿಗೆ: ಕಾಲಿನ ಲೆಕ್ಕ, ಕಾಸಿನ ಲೆಕ್ಕ

ಓದುಗರ ಪ್ರಶ್ನೆ, ನಮ್ಮ ಉತ್ತರ

ದೀಪಾವಳಿ ಕಳೆದು ಬೆಳಗಿನ ಚಳಿ ಶುರುವಾಯಿತೆಂದರೆ ಮುಂಬೈ–ಪುಣೆ ಸುತ್ತಿನ ಕರ್ಜತ್, ಮಾವಳ, ಮುಳಶಿ ಕಡೆಯ ಹಳ್ಳಿದಾರಿಗಳಲ್ಲಿ ದತ್ತಿ ನಡಿಗೆಯ ಕಾಲ. ನಾಲ್ವರ ತಂಡ, 100 ಕಿ.ಮೀ., 48 ಗಂಟೆ. ತಂಡ ಕೂಡಿಸಿದ ಹಣ ಯಾವುದೋ ಶಾಲೆಗೋ ಆಸ್ಪತ್ರೆಗೋ ಹೋಗುತ್ತದೆ. ಈ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕಳೆದ ಸಂಚಿಕೆಯಲ್ಲಿ ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಯಾವ ಶೂ ಕೊಳ್ಳಬೇಕು ಅಂತಲೇ ಕೇಳಿವೆ. ಶೂಗಿಂತ ಒಳಗಿನ ಕಾಲುಚೀಲದ ಬಗ್ಗೆ ಹೇಳುವುದು ಜಾಸ್ತಿ ಇದೆ, ಮುಂದೆ ನೋಡಿ.

ಪ್ರಶ್ನೆ: ನನಗೆ 45. ದಿನಾ ಲೋಕಲ್ ರೈಲಿನಲ್ಲಿ ನಿಂತು ಹೋಗಿ ಬರುವುದೇ ವ್ಯಾಯಾಮ. ಎಷ್ಟು ದಿನದ ತಯಾರಿ ಬೇಕು? ಇಲ್ಲಿ ಗುಡ್ಡವನ್ನು ಎಲ್ಲಿಂದ ತರಲಿ? – ಓದುಗರು, ಡೊಂಬಿವಲಿ

16 ವಾರ ಇಟ್ಟುಕೊಳ್ಳಿ. ವಾರದ ನಡುವೆ ಮೂರು ದಿನ ಮುಕ್ಕಾಲು ಗಂಟೆಯ ಬಿರುಸು ನಡಿಗೆ ಸಾಕು. ಮುಖ್ಯವಾದದ್ದು ಭಾನುವಾರದ ಉದ್ದ ನಡಿಗೆ. 12 ಕಿ.ಮೀ.ಗೆ ಶುರು ಮಾಡಿ, ವಾರಕ್ಕೆ 3 ಕಿ.ಮೀ. ಏರಿಸಿ, ಪ್ರತಿ ನಾಲ್ಕನೇ ವಾರ ಅರ್ಧಕ್ಕೆ ಇಳಿಸಿ: 12, 15, 18, 9, ಮತ್ತೆ 21, 24, 27, 14. ಹೀಗೆ ಹೋದರೆ 13ನೇ ವಾರಕ್ಕೆ ಸುಮಾರು 40 ಕಿ.ಮೀ. ತಲುಪುತ್ತೀರಿ. ಅದಕ್ಕಿಂತ ಹೆಚ್ಚು ಬೇಡ. 14ನೇ ವಾರ ಶನಿವಾರ 25, ಭಾನುವಾರ 20 ನಡೆಯಿರಿ; ದಣಿದ ಕಾಲಿನಲ್ಲಿ ಮತ್ತೆ ಶೂ ಕಟ್ಟುವುದು ಹೇಗಿರುತ್ತದೆಂದು ಆ ಭಾನುವಾರ ಗೊತ್ತಾಗುತ್ತದೆ. ಕೊನೆಯ ಎರಡು ವಾರ ಕಡಿಮೆ ಮಾಡುತ್ತ ಬನ್ನಿ. ತಪ್ಪಿಹೋದ ನಡಿಗೆಯನ್ನು ಆ ಎರಡು ವಾರದಲ್ಲಿ ತುಂಬಿಸಲು ಹೊರಟವರೇ ನೋವು ಹೊತ್ತು ಆರಂಭದ ಗೆರೆಗೆ ಬರುವುದು.

ಗುಡ್ಡ ನಿಮ್ಮ ಕಟ್ಟಡದಲ್ಲೇ ಇದೆ. 20 ಮಹಡಿ ಅಂದರೆ ಸುಮಾರು 60 ಮೀಟರ್ ಏರು. ಹತ್ತು ಸಲ ಹತ್ತಿದರೆ 600 ಮೀಟರ್, ಹೆಚ್ಚುಕಮ್ಮಿ ಪುಣೆ ಬಳಿಯ ಆತಕರವಾಡಿಯಿಂದ ಸಿಂಹಗಡ ಕೋಟೆ ಹತ್ತಿದಷ್ಟು. ಮೊದಮೊದಲು ಲಿಫ್ಟ್‌ನಲ್ಲಿ ಇಳಿಯಿರಿ. ಮೂರನೇ ವಾರದಿಂದ ಹತ್ತರಲ್ಲಿ ಮೂರು ಸಲ ಮೆಟ್ಟಿಲಲ್ಲೇ ಇಳಿಯಿರಿ. ತೊಡೆಯ ಮುಂಭಾಗ ನೋಯುವುದು ಇಳಿಯುವಾಗ, ಅದಕ್ಕೂ ಅಭ್ಯಾಸ ಬೇಕು. ಬೊರಿವಲಿಯ ಸಂಜಯ ಗಾಂಧಿ ಉದ್ಯಾನದ ಗೇಟಿನಿಂದ ಕಾನ್ಹೇರಿ ಗುಹೆಗೆ ಹೋಗಿ ಬಂದರೆ ಸುಮಾರು 12 ಕಿ.ಮೀ.; ಕೊನೆಯಲ್ಲಿ ಏರೂ ಸಿಗುತ್ತದೆ. ಸೋಮವಾರ ರಜೆ ಹಾಕಿ ಹೋಗಬೇಡಿ, ಅಂದು ಉದ್ಯಾನ ಮುಚ್ಚಿರುತ್ತದೆ.

ಪ್ರಶ್ನೆ: ನಾವು ಗಂಟೆಗೆ 5 ಕಿ.ಮೀ. ಆರಾಮಾಗಿ ನಡೆಯುತ್ತೇವೆ. ಅಂದರೆ 20 ಗಂಟೆ. ಹಾಗಿದ್ದರೆ 48 ಗಂಟೆ ಯಾಕೆ ಕೊಡುತ್ತಾರೆ? – ಓದುಗರು, ಕೋಥರೂಡ್, ಪುಣೆ

ಆ ಲೆಕ್ಕದಲ್ಲಿ ಯಾರೂ ಮೂತ್ರಕ್ಕೆ ಹೋಗುವುದಿಲ್ಲ, ಯಾರ ಶೂ ಒಳಗೂ ಕಲ್ಲು ಬೀಳುವುದಿಲ್ಲ. ನಿಜವಾದ ಲೆಕ್ಕ ಹೀಗೆ. ಮೊದಲ 50 ಕಿ.ಮೀ. ಗಂಟೆಗೆ 5ರಂತೆ: 10 ಗಂಟೆ. ಮುಂದಿನ 25, ಕತ್ತಲಲ್ಲಿ, ಗಂಟೆಗೆ 4: ಆರೂಕಾಲು ಗಂಟೆ. ಕೊನೆಯ 25, ಗಂಟೆಗೆ ಮೂರೂಕಾಲು: ಏಳೂಮುಕ್ಕಾಲು. ಅಲ್ಲಿಗೆ 24 ಆಯಿತು. ಎಂಟು ಚೆಕ್‌ಪಾಯಿಂಟ್‌ಗಳಲ್ಲಿ ಅರ್ಧರ್ಧ ಗಂಟೆ ಅಂದರೆ 4. ದಾರಿಯಲ್ಲಿ ಗಂಟೆಗೆ ಐದು ನಿಮಿಷ ನಿಂತರೂ 2. ಒಟ್ಟು 30. ಬೆಳಿಗ್ಗೆ 6ಕ್ಕೆ ಹೊರಟರೆ ಸೂರ್ಯ ಮುಳುಗುವಾಗ ಇನ್ನೂ ಅರ್ಧ ದಾರಿಯಲ್ಲಿರುತ್ತೀರಿ, ಮುಗಿಸುವುದು ಮರುದಿನ ಮಧ್ಯಾಹ್ನ. ಇದು ಚೆನ್ನಾಗಿ ತಯಾರಾದ ತಂಡದ ಮಾತು.

ನಾಲ್ವರು, 48 ಗಂಟೆ ಎಂಬ ಕಟ್ಟಳೆ ಬಂದದ್ದು ಹಾಂಗ್‌ಕಾಂಗ್‌ನಿಂದ. 1981ರಲ್ಲಿ ಅಲ್ಲಿನ ಗೂರ್ಖಾ ಸೈನಿಕರು 100 ಕಿ.ಮೀ. ಉದ್ದದ ಮ್ಯಾಕ್ಲಿಹೋಸ್ ದಾರಿಯಲ್ಲಿ ತರಬೇತಿಗೆಂದು ಶುರು ಮಾಡಿದ ನಡಿಗೆ ಮುಂದೆ ಟ್ರೇಲ್‌ವಾಕರ್ ಎಂಬ ದತ್ತಿ ನಡಿಗೆಯಾಗಿ ಬೇರೆ ದೇಶಗಳಿಗೂ ಹರಡಿತು. ನಾಲ್ವರ ಲೆಕ್ಕಕ್ಕೆ ಅರ್ಥವಿದೆ: ಒಬ್ಬರು ಕಾಲು ತಿರುಚಿಕೊಂಡರೆ ಒಬ್ಬರು ಜೊತೆಗೆ ಕೂರಬಹುದು, ಇಬ್ಬರು ಸಹಾಯಕ್ಕೆ ಹೋಗಬಹುದು, ಕತ್ತಲಲ್ಲಿ ಯಾರೂ ಒಂಟಿಯಾಗುವುದಿಲ್ಲ. ಆದ್ದರಿಂದ ವೇಗವನ್ನು ನಿಧಾನದವರ ಕೈಗೆ ಕೊಡಿ, ಅವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಅವರು ಇಡೀ ದಿನ ನಿಮ್ಮ ಬೆನ್ನು ನೋಡುತ್ತ ಓಡುತ್ತಾರೆ. ನೀವು ನಿಂತು ಕಾದು, ಅವರು ಬಂದು ಮುಟ್ಟಿದ ತಕ್ಷಣ ಹೊರಡುತ್ತೀರಿ. ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ.

ಪ್ರಶ್ನೆ: 30 ಕಿ.ಮೀ. ದಾಟಿದರೆ ಅಂಗಾಲಲ್ಲಿ ಗುಳ್ಳೆ ಖಂಡಿತ. ದುಬಾರಿ ಶೂ ತಗೊಂಡರೂ ಅಷ್ಟೇ. ಏನು ಮಾಡಲಿ? – ಓದುಗರು, ಥಾಣೆ

ಚರ್ಮ ಮೇಲೆ ಮೇಲೆ ಉಜ್ಜಿ ಗುಳ್ಳೆ ಏಳುತ್ತದೆ ಎಂದು ಎಲ್ಲರೂ ತಿಳಿದಿದ್ದಾರೆ. ಹಾಗಲ್ಲ. ಬೆವರಿದ ಕಾಲುಚೀಲ ಚರ್ಮಕ್ಕೆ ಅಂಟಿಕೊಳ್ಳುತ್ತದೆ, ಒಳಗಿನ ಮೂಳೆ ಹೆಜ್ಜೆಹೆಜ್ಜೆಗೂ ಮುಂದೆ ಹಿಂದೆ ಜರುಗುತ್ತದೆ, ನಡುವೆ ಸಿಕ್ಕ ಚರ್ಮದ ಪದರಗಳು ಜಗ್ಗಿ ಬಿಟ್ಟುಕೊಳ್ಳುತ್ತವೆ, ಆ ಸಂದಿಯಲ್ಲಿ ನೀರು ತುಂಬುತ್ತದೆ. ಒದ್ದೆ, ಬಿಸಿ, ಜಗ್ಗಾಟ ಮೂರೂ ಕೂಡಿದಾಗಲೇ ಗುಳ್ಳೆ. ಮೂರರಲ್ಲಿ ಒಂದನ್ನು ಮುರಿದರೂ ಅರ್ಧ ಗೆದ್ದಂತೆ.

ಹತ್ತಿಯ ಕಾಲುಚೀಲ ಬಿಡಿ, ಅದು ನೀರು ಕುಡಿದು ಕೂರುತ್ತದೆ. ಸಿಂಥೆಟಿಕ್ ಅಥವಾ ಮೆರಿನೊ ಉಣ್ಣೆಯದು ಇರಲಿ. ಬೆರಳುಸಂದಿಯಲ್ಲೇ ಗುಳ್ಳೆ ಏಳುವವರು ಐದು ಬೆರಳಿನ ತೆಳು ಚೀಲ ಒಳಗೆ ಹಾಕಿ ಮೇಲೆ ಇನ್ನೊಂದು ಹಾಕಲಿ; ಆಗ ಜಗ್ಗಾಟ ಎರಡು ಚೀಲಗಳ ನಡುವೆ ಆಗುತ್ತದೆ, ಚರ್ಮ ಉಳಿಯುತ್ತದೆ. 100 ಕಿ.ಮೀ.ಗೆ ಐದು ಜೊತೆ ಬೇಕು, ಪ್ರತಿ 20 ಕಿ.ಮೀ.ಗೆ ಒಂದು. ಬದಲಿಸುವಾಗ ಕಾಲನ್ನು ಹತ್ತು ನಿಮಿಷ ಗಾಳಿಗೆ ಬಿಡಿ. ಬಟ್ಟೆ ಒಣಗಿಸುವ ಕ್ಲಿಪ್ ನಾಲ್ಕು ಇದ್ದರೆ ತೆಗೆದ ಚೀಲ ಬ್ಯಾಗಿನ ಹಿಂದೆ ತೂಗಿ ಒಣಗುತ್ತದೆ.

ಶೂ ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಊದಿರುತ್ತದೆ. ನಡಿಗೆಯ ಚೀಲ ಹಾಕಿಕೊಂಡೇ ಹೋಗಿ. ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಉಳಿಯಬೇಕು. ಇಳಿಜಾರಿನಲ್ಲಿ ಬೆರಳು ಮುಂದೆ ಹೋಗಿ ಗುದ್ದಿದರೆ ಉಗುರು ಕಪ್ಪಾಗುತ್ತದೆ. ಅದಕ್ಕೆ ಲೇಸಿನಲ್ಲೇ ಉಪಾಯವಿದೆ. ಶೂವಿನ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದೆ, ಯಾರೂ ಬಳಸದ ಒಂದು ತೂತು ಇರುತ್ತದಲ್ಲ, ಲೇಸನ್ನು ಅದೇ ಬದಿಯಲ್ಲಿ ಅದರೊಳಗೆ ಹಾಕಿ ಸಣ್ಣ ಕುಣಿಕೆ ಮಾಡಿ. ಎರಡೂ ಬದಿಯ ತುದಿಗಳನ್ನು ಎದುರಿನ ಕುಣಿಕೆಯೊಳಗೆ ತೂರಿಸಿ, ಕೆಳಕ್ಕೆ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಡಿದು ಕೂರುತ್ತದೆ. ಉಗುರನ್ನು ನಾಲ್ಕೈದು ದಿನ ಮೊದಲೇ ನೇರವಾಗಿ ಕತ್ತರಿಸಿ. ಹಿಂದಿನ ರಾತ್ರಿ ಕತ್ತರಿಸಿದರೆ ಚೂಪು ಅಂಚು ಪಕ್ಕದ ಬೆರಳನ್ನು ಕೊರೆಯುತ್ತದೆ.

ಇಷ್ಟಾದರೂ ಒಂದು ಜಾಗ ಬಿಸಿ ಅನ್ನಿಸಿತೋ, ಅಲ್ಲೇ ನಿಲ್ಲಿ. ಮುಂದಿನ ಚೆಕ್‌ಪಾಯಿಂಟ್‌ವರೆಗೆ ನೋಡೋಣ ಅನ್ನಬೇಡಿ. ಚೀಲ ತೆಗೆಯಿರಿ, ಕಾಲು ಒರೆಸಿ ಒಣಗಿಸಿ, ಮೂಲೆಗಳನ್ನು ದುಂಡಗೆ ಕತ್ತರಿಸಿದ ಅಂಟುಪಟ್ಟಿಯನ್ನು ಸುಕ್ಕಿಲ್ಲದೆ ಅಂಟಿಸಿ, ಅಂಗೈಯಲ್ಲಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಶಾಖಕ್ಕೆ ಅಂಟು ಚೆನ್ನಾಗಿ ಕೂರುತ್ತದೆ. ಎಲ್ಲ ಸೇರಿ ಆರು ನಿಮಿಷ. ವ್ಯಾಸಲೀನ್ ಮೊದಲೇ ಹಚ್ಚಿದ್ದರೆ ಪಟ್ಟಿ ಹಿಡಿಯುವುದಿಲ್ಲ. ಒಂದು ಜಾಗಕ್ಕೆ ಪಟ್ಟಿ ಅಥವಾ ವ್ಯಾಸಲೀನ್, ಎರಡರಲ್ಲಿ ಒಂದು.

ಗುಳ್ಳೆ ಎದ್ದೇಬಿಟ್ಟಿದ್ದರೆ, ಚಿಕ್ಕದಾಗಿ ನೋವಿಲ್ಲದಿದ್ದರೆ ಹಾಗೇ ಮುಚ್ಚಿ. ದೊಡ್ಡದಾಗಿ ಬಿಗಿದಿದ್ದರೆ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಪ್ಯಾಕೆಟ್ಟಿನಿಂದ ಆಗಷ್ಟೇ ತೆಗೆದ ಸೂಜಿಯಿಂದ ಅಂಚಿನಲ್ಲಿ ಎರಡು ಮೂರು ಕಡೆ ಚುಚ್ಚಿ, ಗಾಜ್ ಒತ್ತಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಅದಕ್ಕಿಂತ ಒಳ್ಳೆಯ ಬ್ಯಾಂಡೇಜ್ ಯಾವ ಅಂಗಡಿಯಲ್ಲೂ ಇಲ್ಲ. ಒಳಗೆ ರಕ್ತ ಇದ್ದರೆ ಚುಚ್ಚಲೇಬೇಡಿ. ಸಕ್ಕರೆ ಕಾಯಿಲೆಯವರು ವೈದ್ಯಕೀಯ ಟೆಂಟಿಗೇ ಹೋಗಬೇಕು.

ಪ್ರಶ್ನೆ: ಗಂಟೆಗೆ ಒಂದು ಲೀಟರ್ ನೀರು ಕುಡಿಯಬೇಕಂತೆ, ಹೌದೇ? – ಓದುಗರು, ಮುಲುಂಡ್

ಬೇಡ. ಡಿಸೆಂಬರ್–ಜನವರಿಯ ನಡಿಗೆಗೆ ಗಂಟೆಗೆ 400–600 ಮಿ.ಲೀ. ಸಾಮಾನ್ಯವಾಗಿ ಸಾಕು. ಬಾಯಾರಿಕೆಯೇ ಅಳತೆ. ಬೆವರಲ್ಲಿ ಉಪ್ಪು ಹೋಗುತ್ತಿರುವಾಗ ಬರೀ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ಉಂಗುರ ಬಿಗಿಯಾಗುವುದು, ಹೊಟ್ಟೆ ಉಬ್ಬರ, ತಲೆನೋವು, ವಾಂತಿ, ಆಮೇಲೆ ಮಾತು ತೊದಲುವುದು ಇದರ ಗುರುತು. ನೋಡಿದವರು ನೀರು ಕಮ್ಮಿಯಾಗಿದೆ ಅಂದುಕೊಂಡು ಇನ್ನಷ್ಟು ಕುಡಿಸುತ್ತಾರೆ, ಅಲ್ಲಿಗೆ ಕೆಲಸ ಕೆಡುತ್ತದೆ. ಮಾತು ತೊದಲಿದರೆ ಕುಡಿಸುವುದು ನಿಲ್ಲಿಸಿ, ಆಸ್ಪತ್ರೆಗೆ ಸಾಗಿಸಿ.

20.5 ಗ್ರಾಂನ ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರಿಗೆ ಇರುವಂಥದ್ದು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದು ‘ಸ್ಟ್ರಾಂಗ್’ ಮಾಡಿಕೊಂಡರೆ ಬಾಯಾರಿಕೆ ಹೆಚ್ಚಿ ಹೊಟ್ಟೆ ಕೆಡುತ್ತದೆ. ಮನೆಯಲ್ಲೇ ಮಾಡುವುದಾದರೆ ಲೀಟರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು.

ಪ್ರಶ್ನೆ: ನಡೆಯುವವರು ನಮ್ಮ ಮನೆಯವರು ಮತ್ತು ಅವರ ಗೆಳೆಯರು. ಊಟದ ಡಬ್ಬಿ ಹಿಡಿದು ಕಾರಿನಲ್ಲಿ ಹಿಂದೆ ಬರುವುದು ನಾನು. ಏನೇನು ಕಟ್ಟಲಿ? – ಗೃಹಿಣಿ, ಸಯನ್

ಗಂಟೆಗೆ 30–60 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಒಳಗೆ ಹೋಗುತ್ತಿರಬೇಕು. ಒಂದು ಬಾಳೆಹಣ್ಣು ಸುಮಾರು 25 ಗ್ರಾಂ, ನೂರು ಗ್ರಾಂ ಬೆಂದ ಆಲೂಗೆಡ್ಡೆ 20. ಮೊದಲ ಹತ್ತು ಗಂಟೆ ಸಿಹಿ ನಡೆಯುತ್ತದೆ: ಶೇಂಗಾ ಹೋಳಿಗೆಯ ಚೂರು, ಚಿಕ್ಕಿ, ಖರ್ಜೂರ. ಕತ್ತಲಾದ ಮೇಲೆ ಚಿಕ್ಕಿ ಕಂಡರೇ ಓಕರಿಕೆ ಬರುತ್ತದೆ, ಆಗ ಖಾರ–ಉಪ್ಪು ಬೇಕು. ಬಿಸಿ ತಿಳಿಸಾರು ಥರ್ಮಾಸ್‌ನಲ್ಲಿರಲಿ. ಉಪ್ಪು ಸವರಿದ ಆಲೂಗೆಡ್ಡೆ, ಉಪ್ಪಿನಕಾಯಿ ಜೊತೆ ಮೆತ್ತಗಿನ ಅನ್ನ ಇರಲಿ. ಮೊಸರನ್ನ ಒಳ್ಳೆಯದೇ, ಆದರೆ ಬೆಳಿಗ್ಗೆ ಕಲಸಿದ್ದು ಮಧ್ಯಾಹ್ನದ ಕಾರಿನ ಡಿಕ್ಕಿಯಲ್ಲಿ ಹುಳಿಯಾಗುತ್ತದೆ. ಅನ್ನವನ್ನು ಹಾಲಲ್ಲಿ ಕಲಸಿ ಒಂದು ಚಮಚ ಮೊಸರು ಹಾಕಿಡಿ, ಸಂಜೆಗೆ ಹದವಾಗುತ್ತದೆ. ಮಿಸಳ್, ವಡಾಪಾವ್ ಗೆರೆ ದಾಟಿದ ಮೇಲೆ. ತರಬೇತಿಯಲ್ಲಿ ತಿಂದು ನೋಡದ ಯಾವುದನ್ನೂ ಅವತ್ತು ಕೊಡಬೇಡಿ.

ಇನ್ನೊಂದು ಮಾತು. ‘ಹಸಿವಿದೆಯಾ?’ ಅಂತ ಕೇಳಬೇಡಿ, ಇಲ್ಲ ಅಂತಲೇ ಅನ್ನುತ್ತಾರೆ. ತಟ್ಟೆ ಕೈಗೆ ಕೊಟ್ಟುಬಿಡಿ.

ಪ್ರಶ್ನೆ: ದಾರಿಯಲ್ಲಿ ಹೆಂಗಸರಿಗೆ ಶೌಚಾಲಯದ ಗತಿ ಏನು? ಮುಟ್ಟು ಅದೇ ದಿನ ಬಂದರೆ? – ಓದುಗರು, ವಾಶಿ

ಚೆಕ್‌ಪಾಯಿಂಟ್‌ಗಳು ಹೆಚ್ಚಾಗಿ ಜಿಲ್ಲಾ ಪರಿಷತ್ ಶಾಲೆಯ ಆವರಣದಲ್ಲಿರುತ್ತವೆ, ಅಲ್ಲಿ ಶೌಚಾಲಯವಿರುತ್ತದೆ. ನೀರು ಬರುತ್ತದೆಯೇ ಎಂದು ಆಯೋಜಕರನ್ನು ಮೊದಲೇ ಕೇಳಿ. ಮೂತ್ರಕ್ಕೆ ಹೋಗಬೇಕಾದೀತೆಂದು ನೀರು ಬಿಡಬೇಡಿ. ಪ್ಯಾಡಿನ ಅಂಚು 20 ಕಿ.ಮೀ. ಹೊತ್ತಿಗೆ ತೊಡೆಸಂದು ಕೊರೆಯುತ್ತದೆ. ಮುಟ್ಟಿನ ಕಪ್ ಬಳಸುವುದಾದರೆ ಎರಡು ಮೂರು ತಿಂಗಳು ಮೊದಲೇ ರೂಢಿ ಮಾಡಿಕೊಳ್ಳಿ. ತೊಡೆಸಂದಿಗೆ ಕೊಬ್ಬರಿ ಎಣ್ಣೆ ಬೆವರಲ್ಲಿ ಬೇಗ ಇಳಿದುಹೋಗುತ್ತದೆ, ವ್ಯಾಸಲೀನ್ ನಿಲ್ಲುತ್ತದೆ. ಗಂಡಸರಿಗೂ ಇದೇ ಮಾತು, ಅವರು ಕೇಳುವುದಿಲ್ಲ ಅಷ್ಟೇ.

ಪ್ರಶ್ನೆ: ಘಾಟ್ ಇಳಿಯುವಾಗ ಮೊಣಕಾಲಿನ ಹೊರಬದಿ ಸೆಳೆಯುತ್ತದೆ. ನೋವಿನ ಮಾತ್ರೆ ನುಂಗಿ ನಡೆಯಬಹುದೇ? – ಓದುಗರು, ಚಿಂಚವಡ

ಐಬುಪ್ರೊಫೆನ್, ಡೈಕ್ಲೊಫೆನಾಕ್ ಬೇಡ. ದೇಹದಲ್ಲಿ ನೀರು ಕಡಿಮೆ ಇದ್ದು ಸ್ನಾಯು ಸವೆಯುತ್ತಿರುವಾಗ ಇವು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತವೆ. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ ನಡಿಗೆ ಅಲ್ಲಿಗೇ ಮುಗಿಯಿತು, ನೇರ ಆಸ್ಪತ್ರೆ. ಸೆಳೆತಕ್ಕೆ ಒಂದು ಜೊತೆ ಟ್ರೆಕ್ಕಿಂಗ್ ಕೋಲು ನೆರವಾಗುತ್ತದೆ. ಸಮತಟ್ಟಿನಲ್ಲಿ ಮೊಣಕೈ ಲಂಬಕೋನಕ್ಕೆ ಬರುವಷ್ಟು ಉದ್ದ, ಇಳಿಜಾರಿಗೆ 5–10 ಸೆಂ.ಮೀ. ಹೆಚ್ಚು. ಹೆಜ್ಜೆ ಚಿಕ್ಕದಿರಲಿ, ಮೊಣಕಾಲು ಕೊಂಚ ಬಾಗಿರಲಿ.

ಪ್ರಶ್ನೆ: ರಾತ್ರಿ ಹಳ್ಳಿದಾರಿಯಲ್ಲಿ ಹಾವು, ನಾಯಿ... – ಓದುಗರು, ಬೇಲಾಪುರ

ಹೆಡ್‌ಲ್ಯಾಂಪ್ ಒಬ್ಬೊಬ್ಬರಿಗೂ ಬೇಕು, 200 ಲುಮೆನ್ ಸಾಕು. ಬದಲಿ ಬ್ಯಾಟರಿ ಬ್ಯಾಗಿನ ತಳದಲ್ಲಲ್ಲ, ಜೇಬಿನಲ್ಲಿ. ಮೊಬೈಲ್ ಬೆಳಕನ್ನು ನಂಬಿದರೆ ನಡುರಾತ್ರಿಗೆ ಬೆಳಕೂ ಇಲ್ಲ, ಫೋನೂ ಇಲ್ಲ. ಹುಲ್ಲು, ಗದ್ದೆಯ ಬದು ಬಿಟ್ಟು ದಾರಿಯ ನಡುವೆ ನಡೆಯಿರಿ. ಕಲ್ಲುಗೋಡೆಯ ಮೇಲೆ ಕೈಯಿಡುವ, ಕೂರುವ ಮೊದಲು ಬೆಳಕು ಹಾಯಿಸಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕೂ ಈ ಸೀಮೆಯಲ್ಲಿವೆ. ಇಲ್ಲಿಯವರು ಮಣ್ಯಾರ್ ಅಂದರೆ ಕಟ್ಟುಹಾವು, ಘೋಣಸ್ ಅಂದರೆ ಕೊಳಕುಮಂಡಲ, ಫುರ್ಸೆ ಅಂದರೆ ಗರಗಸಮಂಡಲ. ಹಳ್ಳಿಯವರು ಕೂಗಿ ಹೇಳಿದಾಗ ಅರ್ಥವಾಗಲಿ ಅಂತ ಹೇಳಿದೆವು. ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಹಾವು ಹಿಡಿಯಲು ಹೋಗಬೇಡಿ. ಉಂಗುರ, ಶೂ ತೆಗೆಯಿರಿ, ಕಾಲನ್ನು ಅಲುಗಾಡದಂತೆ ಕೋಲಿಗೆ ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ. ಕಚ್ಚಿಸಿಕೊಂಡವರನ್ನು ನಡೆಸಬಾರದು. ದಾರಿಯಲ್ಲಿ ಪ್ರತಿವಿಷ ಇರುವ ಆಸ್ಪತ್ರೆ ಯಾವುದು ಎಂಬುದನ್ನು ಆಯೋಜಕರು ನಕಾಶೆಯಲ್ಲೇ ಬರೆದು ಕೊಡಬೇಕು. ಕೊಡದಿದ್ದರೆ ಕೇಳಿ, ಉತ್ತರ ಇಲ್ಲದವರ ನಡಿಗೆಗೆ ಹೋಗಬೇಡಿ.

ನಾಯಿ ಬೊಗಳಿದರೆ ಓಡಬೇಡಿ, ನಾಲ್ವರೂ ಒತ್ತಾಗಿ ನಿಧಾನಕ್ಕೆ ದಾಟಿ. ಕಚ್ಚಿದರೆ 15 ನಿಮಿಷ ಸೋಪು–ನೀರಲ್ಲಿ ತೊಳೆದು ಅದೇ ದಿನ ಲಸಿಕೆ ಹಾಕಿಸಿ.

ಪ್ರಶ್ನೆ: ವಾರಕರಿಗಳು ಚಪ್ಪಲಿಯಲ್ಲೇ ಆಳಂದಿಯಿಂದ ಪಂಢರಪುರಕ್ಕೆ ಹೋಗ್ತಾರ. ನಿಮ್ಮದೇನ್ರಿ ಇಷ್ಟೊಂದು ಬಡಿವಾರ? – ಓದುಗರು, ಹಡಪಸರ

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ವಾರಿಯ, ಅಂದರೆ ಆ ಪಾದಯಾತ್ರೆಯ, ಸುಮಾರು 250 ಕಿ.ಮೀ. ಹರಡಿರುವುದು ಮೂರು ವಾರದ ಹತ್ತಿರ. ರಾತ್ರಿ ಮಲಗುತ್ತಾರೆ, ಊರೂರಲ್ಲಿ ಊಟ ಸಿಗುತ್ತದೆ. ಹೊಲದಲ್ಲಿ ಬರಿಗಾಲಲ್ಲಿ ದುಡಿದ ಪಾದವೂ ಮೂರನೇ ಮಹಡಿಯ ಆಫೀಸಿನ ಪಾದವೂ ಒಂದಲ್ಲ. ಕಲಿಯಬೇಕಾದ್ದೂ ಇದೆ: ವಾರಿಯಲ್ಲಿ ಯಾರೂ ಇನ್ನೊಬ್ಬರನ್ನು ಹಿಂದೆ ಹಾಕಲು ನಡೆಯುವುದಿಲ್ಲ, ದಿಂಡಿಯ (ತಮ್ಮ ಭಜನೆಯ ಗುಂಪಿನ) ಜೊತೆ ಹೆಜ್ಜೆ ಹಾಕುತ್ತಾರೆ. ನಾಲ್ವರ ತಂಡಕ್ಕೂ ಅದೇ ಬೇಕಾದದ್ದು.

ಪ್ರಶ್ನೆ: ನಮ್ಮ ಕನ್ನಡ ಸಂಘದಿಂದ ಎರಡು ತಂಡ ಹೊರಟಿವೆ, ಊರಿನ ಶಾಲೆಯ ಟ್ರಸ್ಟಿಗೆ ಹಣ ಎತ್ತಲು. ಕಿಲೋಮೀಟರಿಗೆ 50 ರೂಪಾಯಿಯಂತೆ ಕೇಳಬೇಕೆಂದಿದ್ದೇವೆ. ಅಮೆರಿಕದಲ್ಲಿರುವ ಬಂಧುಗಳೂ ಕೊಡುತ್ತಾರಂತೆ. – ಸಂಘದ ಖಜಾಂಚಿ, ಪುಣೆ

ಕಿಲೋಮೀಟರ್ ಲೆಕ್ಕ ಕೈಬಿಡಿ. 70ರಲ್ಲಿ ಮೊಣಕಾಲು ಊದಿದವರು ‘ಇನ್ನೂ ಮೂವತ್ತು ನಡೆದರೆ ಶಾಲೆಗೆ ಇಷ್ಟು ಬರುತ್ತದೆ’ ಎಂದು ಎಣಿಸುತ್ತ ಕುಂಟುತ್ತಾರೆ. ಆ ಒತ್ತಡವನ್ನು ನಾವೇ ಹುಟ್ಟಿಸಬಾರದು. 500, 1,000, 5,000 ಎಂದು ಇಡುಗಂಟು ಕೇಳಿ. ನಡಿಗೆಗೆ ಎರಡು ತಿಂಗಳು ಮೊದಲೇ ಕೇಳಿ, ಹಣ ಮೊದಲೇ ಬಂದಿರಲಿ. ಆಗ ಯಾರು ಎಲ್ಲಿ ನಿಂತರೂ ಶಾಲೆಗೆ ನಷ್ಟವಿಲ್ಲ.

ನಡೆಯುವವರ ಸ್ವಂತ ಯುಪಿಐಗೆ ಹಣ ಹಾಕಿಸಬೇಡಿ. ಅಲ್ಲಿಂದ ಟ್ರಸ್ಟಿಗೆ ಹೋದರೆ ರಸೀದಿ ನಡೆದವರ ಹೆಸರಿಗೆ ಬರುತ್ತದೆ, ಕೊಟ್ಟವರಿಗೆ ಏನೂ ಸಿಗುವುದಿಲ್ಲ. ದಾನಿಯೇ ನೇರ ಟ್ರಸ್ಟಿನ ಖಾತೆಗೆ ಹಾಕಲಿ, ಪ್ಯಾನ್ ಸಂಖ್ಯೆ ಕೊಡಲಿ. ನೀವು ಯಾರು, ಎಷ್ಟು, ಯಾವ ತಂಡದ ಲೆಕ್ಕ ಎಂಬ ಪಟ್ಟಿಯನ್ನಷ್ಟೇ ಇಟ್ಟುಕೊಳ್ಳಿ. ದಾನಕ್ಕೆ ಇರುವ, ನಾವೆಲ್ಲ 80ಜಿ ಎಂದು ಕರೆಯುವ ತೆರಿಗೆ ವಿನಾಯಿತಿ ಸಿಗುವುದು ಟ್ರಸ್ಟ್ ಅದಕ್ಕೆ ನೋಂದಾಯಿಸಿಕೊಂಡಿದ್ದರೆ ಮಾತ್ರ. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ಅದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ಇದನ್ನು ಕೇಳುವಾಗಲೇ ಹೇಳಿಬಿಡಿ, ಮಾರ್ಚ್‌ನಲ್ಲಿ ಜಗಳವಾಗುವುದಿಲ್ಲ.

ಅಮೆರಿಕದ ಬಂಧುಗಳು ಇನ್ನೂ ಭಾರತದ ಪಾಸ್‌ಪೋರ್ಟ್‌ನವರಾದರೆ, ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಟ್ಟದ್ದು ವಿದೇಶಿ ದೇಣಿಗೆಯಲ್ಲ. ಅಲ್ಲಿಯ ಪೌರತ್ವ ಪಡೆದವರಾದರೆ, ಒಸಿಐ ಕಾರ್ಡ್ ಇದ್ದರೂ ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ನೋಂದಣಿ ಇರುವ ಟ್ರಸ್ಟ್ ಮಾತ್ರ, ದಿಲ್ಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಗೊತ್ತಾದ ಖಾತೆಯಲ್ಲಿ ಅದನ್ನು ಪಡೆಯಬೇಕು. ಸಂಘ ತೆಗೆದುಕೊಂಡು ಶಾಲೆಗೆ ದಾಟಿಸುತ್ತದೆ ಅನ್ನುವ ದಾರಿ ಇಲ್ಲವೇ ಇಲ್ಲ.

ಶೂ, ಬಸ್, ಟೀ–ಷರ್ಟ್ ಖರ್ಚು ತಂಡದವರ ಕೈಯಿಂದಲೇ ಆಗಲಿ. ದಾನದ ಹಣದಲ್ಲಿ ಟೀ–ಷರ್ಟ್ ಹೊಲಿಸಿದರೆ ಮುಂದಿನ ವರ್ಷ ಯಾರೂ ಬಾಗಿಲು ತೆರೆಯುವುದಿಲ್ಲ.

ಪ್ರಶ್ನೆ: ಸಕ್ಕರೆ ಕಾಯಿಲೆ, ವಯಸ್ಸು 58, ಮಾತ್ರೆ ತಗೊಳ್ಳುತ್ತೇನೆ. – ನಿವೃತ್ತ ಬ್ಯಾಂಕ್ ನೌಕರರು, ಘಾಟಕೋಪರ್

ವೈದ್ಯರ ಹತ್ತಿರ ಎರಡು ವಿಷಯ ಕೇಳಿ: ಪಾದದ ಸ್ಪರ್ಶಜ್ಞಾನ ಪರೀಕ್ಷೆ, ಮತ್ತು ಅಂದಿನ ಮಾತ್ರೆಯ ಪ್ರಮಾಣ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಬಗೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ನಡಿಗೆಯಲ್ಲೂ, ಮುಗಿದು ಮಲಗಿದ ರಾತ್ರಿಯೂ ಸಕ್ಕರೆ ಕುಸಿಯಬಹುದು. ಅಂಗಾಲಿಗೆ ಸ್ಪರ್ಶ ಗೊತ್ತಾಗದಿದ್ದರೆ 100 ಬೇಡ, ಮೊದಲ ಹಂತದ 25 ಸಾಕು. ಕೈ ನಡುಗಿ ಬೆವರಿದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ನೀರಲ್ಲಿ ಕಲಸಿ ಕುಡಿದು 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ. ಜೊತೆಯ ಮೂವರಿಗೂ ಇದು ಗೊತ್ತಿರಲಿ.

ಪ್ರಶ್ನೆ: ಗೋವಾದಲ್ಲಿ ಏಪ್ರಿಲ್ ರಜೆಯಲ್ಲಿ 50 ಕಿ.ಮೀ. ಇಡೋಣವೇ? – ಓದುಗರು, ವಾಸ್ಕೊ

ಬೇಡ. ಕರಾವಳಿಯ ಏಪ್ರಿಲ್‌ನಲ್ಲಿ ಬೆವರು ಆರುವುದೇ ಇಲ್ಲ, ಮೈ ತಣಿಯುವುದಿಲ್ಲ. ಡಿಸೆಂಬರ್ ಕೊನೆಯ ಪ್ರವಾಸಿ ಗದ್ದಲ ಕಳೆದ ಮೇಲೆ, ಜನವರಿಯಲ್ಲಿ ಇಡಿ.

ಪ್ರಶ್ನೆ: ಮುಗಿಸಿದ ಮೇಲೆ ನಾನೇ ಕಾರು ಓಡಿಸಿಕೊಂಡು ಬರಬಹುದೇ? – ಓದುಗರು, ಅಂಧೇರಿ

ಬರಬಾರದು. 30 ಗಂಟೆ ನಿದ್ದೆಗೆಟ್ಟವರು ಎಕ್ಸ್‌ಪ್ರೆಸ್‌ವೇ ಮೇಲೆ ಕಣ್ಣು ತೆರೆದೇ ತೂಕಡಿಸುತ್ತಾರೆ, ಬಿಗಿದ ಮೀನಖಂಡ ಬ್ರೇಕ್ ಒತ್ತುವಾಗಲೇ ಹಿಡಿದುಕೊಳ್ಳುತ್ತದೆ. ರಾತ್ರಿ ಮಲಗಿದ್ದ ಒಬ್ಬರು ಓಡಿಸಲಿ. ಅಂಥವರಿಲ್ಲದಿದ್ದರೆ ಕರ್ಜತ್‌ನಿಂದ ಲೋಕಲ್ ಇದೆ. ಕಾರಿನಲ್ಲಿ ಒಂದು ಸೈಜು ದೊಡ್ಡ ಚಪ್ಪಲಿ ಇಟ್ಟಿರಿ. ಶೂ ಒಮ್ಮೆ ಬಿಚ್ಚಿದರೆ ಮತ್ತೆ ಒಳಗೆ ಕಾಲು ಹೋಗುವುದಿಲ್ಲ.